ಕೆಂಚಮ್ಮ ಸ್ಮಾರಕ ಪ್ರಶಸ್ತಿ

ಕನಕಪುರ
ಸೋಮವಾರ

ಚಿರಂಜೀವಿ ಮರಿಯಪ್ಪನಿಗೆ,

ಮೊದಲು ‘ಮಾತೃಗಾನ ಸಾಮ್ರಾಟ, ಗಾನಚಕೋರ, ಡಾಕ್ಟರ್ ಮಧುರಾಜ್ ಅವರ ಸನ್ನಿಧಾನಕ್ಕೆ’ ಎಂದು ಬರೆದೆ. ಬರೆದು ನೋಡಿದರೆ ಹಾಳೆಯ ಮೇಲ್ಭಾಗವೆಲ್ಲ ನಿನ್ನ ಬಿರುದಿಗೇ ಹೋಗಿತ್ತು. ಹರಿದು ಬಿಸಾಕಿ ಮತ್ತೆ ಶುರು ಮಾಡಿದ್ದೇನೆ. ಮೂಗು ಸೋರಿಸಿಕೊಂಡು ನನ್ನ ಲಂಗದ ಚುಂಗು ಹಿಡಿದು ಸ್ಕೂಲಿಗೆ ಬರುತ್ತಿದ್ದವನಿಗೆ ಅಕ್ಕ ಕಾಗದ ಬರೆಯಲು ಮರಿಯಪ್ಪ ಅನ್ನುವ ಹೆಸರು ಸಾಕು. ಫೋನು ಮಾಡಿದರೆ ನಿನ್ನ ಮ್ಯಾನೇಜರ್ ಎತ್ತುತ್ತಾನೆ, ‘ಸರ್ ರಿಹರ್ಸಲ್‌ನಲ್ಲಿದ್ದಾರೆ ಮೇಡಂ’ ಅನ್ನುತ್ತಾನೆ. ಕಾಗದವನ್ನಾದರೂ ನೀನೇ ಒಡೆದು ಓದುತ್ತೀಯ ಅನ್ನುವ ನಂಬಿಕೆ ಇನ್ನೂ ಇದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಬರೆದೂ ಬರೆದೂ ಪಳಗಿದ ಕೈ ನನ್ನದು, ಎಷ್ಟು ಸಿಟ್ಟು ಬಂದರೂ ಅಕ್ಷರ ದುಂಡಗೇ ಬರುತ್ತದೆ. ಅದನ್ನು ನೋಡಿ ಅಕ್ಕ ತಣ್ಣಗಿದ್ದಾಳೆ ಅಂದುಕೊಳ್ಳಬೇಡ.

ಮೊನ್ನೆ ಶುಕ್ರವಾರ ರಾಮನಗರದಿಂದ ಮೂವರು ಮನೆಗೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಎರಡೆರಡು ಪೆನ್ನು, ‘ಕಲಾಭಿಮಾನಿ ಬಳಗ’ದ ಪದಾಧಿಕಾರಿಗಳಂತೆ. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಕೋಲೂರಿಕೊಂಡು ಹೋಗಿ ಬಾಗಿಲು ತೆಗೆದದ್ದು ಅವ್ವ. ‘ಅಜ್ಜಿ, ನಾಗಲಕ್ಷ್ಮಮ್ಮ ಟೀಚರ್ ಮನೆ ಇದೇ ಅಲ್ವಾ? ಈ ಭಾನುವಾರ ಬುಟ್ಟು ಮುಂದಿನ ಭಾನುವಾರ ರಾಮನಗರದಲ್ಲಿ ಮಧುರಾಜ್ ಸಾರಿಗೆ ಸನ್ಮಾನ ಮಡಗಿದ್ದೀವಿ. ಅವರ ತಾಯಿ ದಿವಂಗತ ಕೆಂಚಮ್ಮನವರದ್ದು ಒಂದು ಫೋಟೋ ಬೇಕಾಗಿತ್ತು. ದೊಡ್ಡದು ಮಾಡಿಸಿ ಸ್ಟೇಜ್ ಮೇಲೆ ಇಡ್ತೀವಿ’ ಅಂದರು. ಅವ್ವ, ‘ಯಾವಾಗ ಹೋದಳಂತಪ್ಪ ಆಯಮ್ಮ?’ ಅಂತ ಕೇಳಿದಳು. ‘ಅಯ್ಯೋ, ಆಗ್ಲೇ ಮೂವತ್ತೇಳು ವರ್ಷ ಆಯ್ತಲ್ಲಜ್ಜಿ! ಆ ಸುದ್ದಿ ಕೇಳಿದ್ಮೇಲೂ ಸಾರು ಸ್ಟೇಜ್ ಬುಟ್ಟು ಇಳೀಲಿಲ್ಲ, ಅಳ್ತಾ ಅಳ್ತಾನೇ ಹಾಡಿದ್ರು. ನಿಮಗೆ ಗೊತ್ತಿಲ್ವಾ?’ ಅಂದ ಅವರಲ್ಲಿ ಹಿರಿಯ. ‘ಒಸಿ ಗೊತ್ತೈತೆ’ ಅಂದಳು ಅವ್ವ.

ಅಂದವಳು ಒಳಗೆ ಹೋಗಿ, ಗೋಡೆಯ ಮೇಲಿದ್ದ ತನ್ನ ಫೋಟೋ ತೆಗೆದು, ಸೆರಗಿನಿಂದ ಗಾಜು ಒರೆಸಿ ಅವರ ಕೈಗೆ ಕೊಟ್ಟಿದ್ದಾಳೆ. ಚನ್ನಪಟ್ಟಣದ ಸ್ಟುಡಿಯೋದಲ್ಲಿ ಅಪ್ಪನ ಪಕ್ಕ ಕೂತು ತೆಗೆಸಿಕೊಂಡದ್ದು, ನಿನಗೆ ಗೊತ್ತಿರುವ ಫೋಟೋನೇ. ಆಮೇಲೆ ಕೇಳಿದ್ದಾಳೆ: ‘ಹೂವಿನ ಹಾರ ಹಾಕ್ತೀರೋ, ಗೂಡಿನ ಹಾರನೋ?’ ರೇಷ್ಮೆ ಗೂಡಿನದೇ ಅಜ್ಜಿ, ನಮ್ಮ ಕಡೆ ಅದೇ ಅಲ್ವಾ ಮರ್ಯಾದೆ ಅಂದಿದ್ದಾರೆ. ‘ಹಂಗಾರೆ ಗಟ್ಟಿ ಗೂಡು ನೋಡಿ ಪೋಣಿಸ್ರಪ್ಪ. ಪೊಳ್ಳು ಗೂಡು ಹಾಕ್ಬುಟ್ಟೀರಿ. ಆಯಮ್ಮ ಗೂಡು ಬೆಳೆದೋಳು, ಕಂಡ್ರೆ ಬೈಯ್ತಾಳೆ’ ಅಂದಳಂತೆ. ಅವರು ನಕ್ಕರು. ನಾನು ಒದ್ದೆ ಕೈಯಲ್ಲಿ ಓಡಿ ಬರುವಷ್ಟರಲ್ಲಿ ಅವರ ಕಾರು ತಿರುವು ದಾಟಿತ್ತು. ಗೋಡೆಯ ಮೇಲೆ ಫೋಟೋ ಇದ್ದ ಜಾಗದಲ್ಲಿ ಸುಣ್ಣ ಇನ್ನೂ ಬೆಳ್ಳಗಿದೆ. ಅವ್ವ ಹೋಗಿ ಅವರೆಕಾಯಿ ಸುಲಿಯುತ್ತಾ ಕೂತಳು.

ಅವರು ಬಿಟ್ಟುಹೋದ ಆಹ್ವಾನ ಪತ್ರಿಕೆ ನನ್ನ ಮುಂದೆಯೇ ಇದೆ. ಚಿನ್ನದ ಬಣ್ಣದ ಅಕ್ಷರ. ‘ದಿವಂಗತ ಶ್ರೀಮತಿ ಕೆಂಚಮ್ಮನವರ ಭಾವಚಿತ್ರ ಅನಾವರಣ.’ ಅದರ ಕೆಳಗೆ, ಅವಳ ಹೆಸರಿನಲ್ಲಿ ಪ್ರತಿ ವರ್ಷ ಒಬ್ಬ ಯುವ ಗಾಯಕನಿಗೆ ‘ಕೆಂಚಮ್ಮ ಸ್ಮಾರಕ ಪ್ರಶಸ್ತಿ’. ಅದರ ಕೆಳಗೆ, ಪ್ರಾಯೋಜಕರು ಡಾ. ಮಧುರಾಜ್. ಬಳಗದವರು ಹೊರಗಿನವರು, ಅವರಿಗೇನು ಗೊತ್ತು, ಹೋಗಲಿ ಅನ್ನೋಣ. ಪ್ರಾಯೋಜಕ ಹೊರಗಿನವನಲ್ಲವಲ್ಲ? ಬದುಕಿರುವ ಹೆತ್ತ ತಾಯಿಗೆ ಸ್ಮಾರಕ ಕಟ್ಟಿಸಲು ನೀನೇ ಮುಂದೆ ನಿಂತಿದ್ದೀಯಲ್ಲೋ! ಇದುವರೆಗೆ ಬರೀ ಬಾಯಿಮಾತಿನಲ್ಲಿ ಅವಳನ್ನು ಸಾಯಿಸುತ್ತಿದ್ದೆ. ಈಗ ನೀನೇ ಕಲ್ಲು ಹೊತ್ತು ತಂದು ಅವಳ ಮೇಲೆ ಇಡುತ್ತಿದ್ದೀಯ.

ಎಂಬತ್ತಾರನೇ ಇಸವಿಯಲ್ಲಿ ಏನಾಯಿತು ಅನ್ನುವುದನ್ನು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಸ್ಟೇಜಿನ ಮೇಲೆ ಹೇಳಿ ಹೇಳಿ ನಿನಗೇ ನಿನ್ನ ಕತೆ ನಿಜವಾಗಿಬಿಟ್ಟಿರಬಹುದು. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅವ್ವ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಯನ್ನು ಕಂಕುಳಲ್ಲಿಟ್ಟುಕೊಂಡು ಹೊಲದಿಂದ ಬರುವಾಗ ಕಾಗೆಯೊಂದು ಎರಗಿ ಅವಳ ನೆತ್ತಿ ಕುಕ್ಕಿ ಹೋಯಿತು. ಕಾಗೆ ತಲೆ ಮುಟ್ಟಿದರೆ ಗಂಡಾಂತರ. ಅದು ಕಳೆಯಬೇಕಾದರೆ ಅವರು ಸತ್ತರು ಅನ್ನುವ ಸುದ್ದಿಯನ್ನು ಹತ್ತಿರದವರಿಗೆ ಮುಟ್ಟಿಸಬೇಕು, ಅವರು ನಿಜವೆಂದು ನಂಬಿ ಕಣ್ಣೀರು ಹಾಕಬೇಕು. ಅತ್ತವರು ಓಡಿ ಬಂದಾಗ ‘ಸತ್ತವಳು’ ನಾಲ್ಕು ಜನರ ಎದುರಿಗೆ ಅವರ ಬಾಯಿಗೆ ಬೆಲ್ಲ ಇಟ್ಟು, ಬದುಕಿದ್ದೀನಿ ಅನ್ನಬೇಕು. ಎಲ್ಲರೂ ನಗಬೇಕು. ಅಲ್ಲಿಗೆ ಗಂಡಾಂತರವೂ ಮುಗಿಯಿತು, ಸುಳ್ಳೂ ಮುಗಿಯಿತು. ನಮ್ಮ ಊರಿನಲ್ಲಿ ಎಷ್ಟು ಮುದುಕಿಯರು ಹೀಗೆ ಸತ್ತು ಎದ್ದಿಲ್ಲ!

ಆಗ ನಾನು ಮರಳವಾಡಿ ಸ್ಕೂಲಿನಲ್ಲಿದ್ದೆ. ಸೋದರಮಾವ ವೆಂಕಟಯ್ಯ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದ. ಪಾಠದ ನಡುವೆ ಕಂಡಕ್ಟರ್ ಕಿಟಕಿಯ ಹತ್ತಿರ ಬಂದು ‘ನಿಮ್ಮವ್ವ ಹೋಗ್ಬುಟ್ರಂತೆ ಮೇಡಮ್ಮೋರೆ’ ಅಂದ. ಬಸ್ಸಿನುದ್ದಕ್ಕೂ ಎದೆ ಬಡಿದುಕೊಂಡು ಅತ್ತೆ. ಊರಿಗೆ ಬಂದರೆ ಅವ್ವ ಎಣ್ಣೆ ನೀರು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಸುತ್ತ ಊರಿನ ಹೆಂಗಸರು. ನನ್ನ ಬಾಯಿಗೆ ಬೆಲ್ಲ ತುರುಕಿ, ‘ಬದುಕಿವ್ನಿ ಕಣ್ ನಾಗಿ, ಅಳು ನಿಲ್ಸು’ ಅಂದಳು. ನಾನು ಅವಳ ತೋಳಿಗೆ ನಾಲ್ಕು ಬಾರಿಸಿ, ಮತ್ತೆ ಅತ್ತು, ಆಮೇಲೆ ಎಲ್ಲರ ಜೊತೆ ನಕ್ಕೆ. ನನ್ನ ಪಾಲಿನ ಸುಳ್ಳು ಅಲ್ಲಿಗೆ ಮುಗಿಯಿತು.

ನಿನ್ನ ಪಾಲಿನದಕ್ಕೆ ಮಾವ ಸಾತನೂರು ಪೋಸ್ಟಾಫೀಸಿಗೆ ಹೋಗಿ ಬೆಂಗಳೂರಿಗೆ ಫೋನು ಮಾಡಿದ. ಗಿಟಾರು, ಡ್ರಮ್ಸಿನ ಮಧ್ಯೆ ಕನ್ನಡದ ಪದ ಹಾಡುವ ಹುಡುಗ ಅಂತ ಆಗಷ್ಟೇ ನಿನ್ನ ಹೆಸರು ಓಡಾಡುತ್ತಿತ್ತು. ಒಂದು ಕ್ಯಾಸೆಟ್ ಕಂಪನಿಯವರು ನಿನಗೆ ‘ವರ್ಷದ ಪಾಪ್ ಗಾಯಕ’ ಪ್ರಶಸ್ತಿ ಕೊಡುವ ದಿನವೇ ಅದು ಅನ್ನುವುದು ಮಾವನಿಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ನೀನು ಸ್ಟೇಜು ಹತ್ತುವ ಹೊತ್ತಿಗೆ ಸುದ್ದಿ ಮುಟ್ಟಿತು. ಮೈಕು ಹಿಡಿದು ‘ನಮ್ಮವ್ವ ಈಗ ತಾನೇ ಹೋದಳು’ ಅಂದೆಯಂತೆ. ಅವ್ವ ರಾಗಿ ಬೀಸುವಾಗ ಹಾಡಿಕೊಳ್ಳುತ್ತಿದ್ದ ಎರಡು ಸಾಲು ಹಾಡಿ ಮುಂದೆ ಹೋಗಲಾರದೆ ಕುಸಿದೆಯಂತೆ. ಸಭೆಗೆ ಸಭೆಯೇ ಎದ್ದು ನಿಂತಿತಂತೆ. ಕೇಳು, ಆ ಅಳುವಿನ ಮೇಲೆ ನನಗೆ ಯಾವತ್ತೂ ಸಿಟ್ಟಿಲ್ಲ. ನಾನು ಬಸ್ಸಿನಲ್ಲಿ ಅತ್ತ ಅಳುವೇ ಅದು.

ಸಿಟ್ಟು ಶುರುವಾಗುವುದು ಮಾರನೆಯ ಬೆಳಿಗ್ಗೆಯಿಂದ. ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತು, ತಾಯಿ ಸತ್ತ ಸುದ್ದಿ ಕೇಳಿಯೂ ಹಾಡಿದ ಮಗ ಅಂತ. ಆರ್ಕೆಸ್ಟ್ರಾದವರು ಕಾರು ಮಾಡಿಕೊಂಡು, ದೊಡ್ಡ ಹೂವಿನ ಹಾರ ತಂದಿದ್ದರು. ಅವರನ್ನು ಅರಳಿಕಟ್ಟೆಯ ಹತ್ತಿರವೇ ಬಿಟ್ಟು ನೀನೊಬ್ಬನೇ ಓಡಿ ಬಂದೆ. ಅವ್ವನನ್ನು ನೋಡಿ ಹೊಸ್ತಿಲ ಮೇಲೆಯೇ ಕುಕ್ಕರಿಸಿದೆ. ಅವಳು ಬೆಲ್ಲದ ಅಚ್ಚು ಹಿಡಿದು ‘ಬಾರ್ಲಾ ಮರಿಯ ಆಚೆಗೆ, ನಿನ್ ಸ್ನೇಹಿತ್ರುನೂ ಕರಿ, ನಾಕ್ ಜನದ್ ಮುಂದೆ ಇಡ್ಬೇಕು’ ಅಂದಳು. ನೀನು ಎದ್ದು ಬಾಗಿಲು ಹಾಕಿದೆ. ಅಗಣಿಯನ್ನೂ ಹಾಕಿದೆ. ‘ಅವ್ವ, ಪೇಪರಲ್ಲಿ ಬಂದ್ಬುಟ್ಟೈತೆ. ಈಗ ಸುಳ್ಳು ಅಂದ್ರೆ ನನ್ ಮಾನ ಹೋಯ್ತದೆ, ಯಾಮಾರಿಸ್ದ ಅಂತಾರೆ. ಒಸಿ ದಿವ್ಸ ಸುಮ್ನಿರು, ಆಮೇಕೆ ನಾನೇ ಹೇಳ್ತೀನಿ’ ಅಂತ ಅವಳ ಕಾಲು ಹಿಡಿದೆ. ಅವಳು ಬಾಗಿಲು ಹಾಕಿದ ಮನೆಯೊಳಗೆ ನಿನ್ನ ಬಾಯಿಗೆ ಬೆಲ್ಲ ಇಟ್ಟಳು. ನೋಡಿದ್ದು ನಾನೊಬ್ಬಳೇ.

ಒಸಿ ದಿವಸ! ಅಷ್ಟರಲ್ಲಿ ನಿನ್ನ ಮಕ್ಕಳು ಹುಟ್ಟಿ, ಓದಿ, ಕೆಲಸಕ್ಕೆ ಸೇರಿದರು. ನನಗೆ ರಿಟೈರ್ ಆಯಿತು. ವೆಂಕಟಯ್ಯ ಮಾವ ನಿಜವಾಗಿಯೂ ಸತ್ತ. ನಿನ್ನ ಒಸಿ ದಿವಸ ಮಾತ್ರ ಇನ್ನೂ ಮುಗಿದಿಲ್ಲ.

ಹೇಳಲು ನಿನಗೆ ಪುರುಸೊತ್ತು ಎಲ್ಲಿತ್ತು? ಮುಂದಿನ ವರ್ಷವೇ ‘ಹೋದೆಯಲ್ಲವ್ವಾ’ ಕ್ಯಾಸೆಟ್ ಬಂತು. ಮಾಗಡಿಯ ಹೋಟೆಲಿನಲ್ಲಿ ಅದೇ, ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಅದೇ. ಅದಕ್ಕೆ ಗೋಲ್ಡ್ ಡಿಸ್ಕ್ ಕೊಟ್ಟರು. ಆಮೇಲೆ ಗಾನಚಕೋರ ಬಂತು, ಸಮುದ್ರದಾಚೆಯ ಕನ್ನಡ ಕೂಟದವರ ಬೆಳ್ಳಿ ತಟ್ಟೆ ಬಂತು, ಮಾತೃಗಾನ ಸಾಮ್ರಾಟ ಬಂತು, ಯಾವುದೋ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂತು. ನಿನ್ನ ಬೆಂಗಳೂರಿನ ಮನೆಯಲ್ಲಿ ಜಾಗ ಸಾಲದೆ ಶಾಲು, ಫಲಕಗಳನ್ನೆಲ್ಲ ಬಸ್ಸಿಗೆ ಹಾಕಿ ಊರಿಗೆ ಕಳಿಸುತ್ತಿದ್ದೆ. ಅವ್ವ ಒಂದನ್ನೂ ಪೆಟ್ಟಿಗೆಯಲ್ಲಿ ಇಡಲಿಲ್ಲ. ರೇಷ್ಮೆ ಹುಳು ಗೂಡು ಕಟ್ಟುವಾಗ ಬಿದಿರಿನ ಚಂದ್ರಿಕೆ ತಟ್ಟಿಗಳಿಗೆ ಬೆಳಕು ಬೀಳದಂತೆ ನಿನ್ನ ಶಾಲುಗಳನ್ನೇ ಹೊದಿಸಿದಳು. ಬೆಳ್ಳಿ ತಟ್ಟೆಯನ್ನು ಹಾಲಿನ ಪಾತ್ರೆಗೆ ಮುಚ್ಚಿದಳು. ಚನ್ನಪಟ್ಟಣದ ಅರಗಿನ ಬಣ್ಣ ಹಾಕಿದ ಮರದ ಗೊಂಬೆ, ತಾಯಿ ಮಗುವನ್ನು ಎತ್ತಿಕೊಂಡದ್ದು, ಅದೊಂದನ್ನು ಮಾತ್ರ ದೇವರ ಗೂಡಿನ ಪಕ್ಕ ಇಟ್ಟುಕೊಂಡಳು. ಅದು ಯಾವ ಪ್ರಶಸ್ತಿಯದು ಅನ್ನುವುದು ನನಗೂ ಮರೆತಿದೆ, ನಿನಗಂತೂ ಗೊತ್ತಿರಲಾರದು.

ಅವ್ವ ಯಾಕೆ ಸುಮ್ಮನಿದ್ದಳು ಅಂತ ಕೇಳುತ್ತೀಯ? ಮೊದಮೊದಲು ಅವಳಿಗೆ ಅದೊಂದು ತಮಾಷೆ. ‘ಸಾಯಿಸ್ದಷ್ಟೂ ಆಯಸ್ಸು ಗಟ್ಟಿಯಾಯ್ತದೆ ಬುಡು’ ಅನ್ನುತ್ತಿದ್ದಳು. ನಾನು ರೇಗಿದರೆ ‘ಅವನ ಹೊಟ್ಟೆಪಾಡು ಕಣವ್ವ, ನಾವು ಅಡ್ಡ ಬರಬಾರದು’ ಅನ್ನುತ್ತಿದ್ದಳು. ಊರಿನವರೂ ಹಾಗೇ. ನಮ್ಮ ಊರಿನ ಹುಡುಗ ಮೇಲಕ್ಕೆ ಬಂದಿದ್ದಾನೆ, ಅವನ ಹೊಟ್ಟೆಯ ಮೇಲೆ ಹೊಡೆಯಬಾರದು ಅಂತ ಬಾಯಿ ಹೊಲಿದುಕೊಂಡರು. ಅವಳಿಗೆ ನಿಜವಾಗಿ ಮೈ ಉರಿದದ್ದು ಯಾವಾಗ ಗೊತ್ತಾ? ಟೀವಿಯಲ್ಲಿ ನಿನ್ನ ಭಾಷಣ ಕೇಳಿದಾಗ. ನಮ್ಮವ್ವ ಕಂಡವರ ಮನೆಯಲ್ಲಿ ಗಂಜಿ ಬೇಡಿ ತಂದು ನನ್ನನ್ನು ಸಾಕಿದಳು ಅಂತ ಕರವಸ್ತ್ರ ತೆಗೆದೆಯಲ್ಲ, ಆಗ. ಮನೆಯಲ್ಲಿ ಎರಡು ಕರೆಯುವ ಹಸು, ಕಣಜದಲ್ಲಿ ರಾಗಿ, ಬೆಳೆ ಬಂದಾಗ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಗಂಡಸರ ನಡುವೆ ನಿಂತು ಹರಾಜು ಕೂಗಿಸಿದವಳು ನಮ್ಮವ್ವ. ‘ಸತ್ತೆ ಅಂದ್ರೆ ಅಂದ್ಕಳ್ಳಿ. ತಿರಿದು ತಿಂದೆ ಅಂದ್ನಲ್ಲ ನಾಗಿ, ನಮ್ ಮನೇಲಿ ಯಾರ್ಲಾ ತಿರುಪೆ ಎತ್ತಿದ್ದು?’ ಅಂತ ಟೀವಿಯನ್ನೇ ಬೈದಳು. ಆ ಭಾಷಣಕ್ಕೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀನು ಪ್ರತಿ ಪ್ರಶಸ್ತಿಗೂ ಅವಳನ್ನು ಇನ್ನಷ್ಟು ಬಡವಳನ್ನಾಗಿ ಮಾಡಿದೆ. ಸೀರೆ ಹರಿಸಿದೆ, ಉಪವಾಸ ಕೆಡವಿದೆ, ಒಂದು ಸಲ ಕಣ್ಣನ್ನೂ ಕಳೆದುಬಿಟ್ಟೆ. ಅವಳು ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ ಕಣೋ.

ಅವ್ವನ ದೊಡ್ಡಮ್ಮನ ಮಗಳು ಅಂಕಮ್ಮ ಗುಡೇಮಾರನಹಳ್ಳಿಯಲ್ಲಿ ತೀರಿಕೊಂಡಾಗ ನಾವಿಬ್ಬರೂ ಮಣ್ಣಿಗೆ ಹೋಗಿದ್ದೆವು. ಹೆಣದ ಮುಂದೆ ಮೈಕಿನಲ್ಲಿ ‘ಹೋದೆಯಲ್ಲವ್ವಾ’ ಹಾಕಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಮೂಗೊರೆಸಿಕೊಳ್ಳುತ್ತಾ ಅವ್ವನಿಗೆ, ‘ಪಾಪ, ಈ ಹಾಡಿದ ಹುಡುಗನ ತಾಯಿ ಎಂಥಾ ಪುಣ್ಯಾತ್ಗಿತ್ತಿನೋ, ಅದೃಷ್ಟ ಇರ್ನಿಲ್ಲ, ಬೇಗ ಹೋಗ್ಬುಟ್ಲು’ ಅಂದಳು. ಅವ್ವ ಅವಳ ಬೆನ್ನು ಸವರಿ ‘ಅಳಬ್ಯಾಡ ಸುಮ್ನಿರವ್ವ, ಆಯಮ್ಮ ಎಲ್ಲೋ ಚೆಂದಾಗಿರ್ತಾಳೆ’ ಅಂತ ಸಮಾಧಾನ ಮಾಡಿದಳು. ನನಗೆ ಆ ಮೈಕಿನ ವೈರು ಕಿತ್ತು ಹಾಕಬೇಕು ಅನ್ನಿಸಿತ್ತು. ಸತ್ತವರ ಮನೆಯ ಮರ್ಯಾದೆ ನೋಡಿ ಕೀಳಲಿಲ್ಲ.

ನಿನ್ನ ಮದುವೆಯ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ. ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರಿನ ಹಿಂದಿದ್ದ ‘ದಿವಂಗತ’ವನ್ನು ಅವ್ವನ ಹೆಸರಿಗೂ ಅಂಟಿಸಿದ್ದೆ. ಧಾರೆಗೆ ತಂದೆತಾಯಿಯ ಜಾಗದಲ್ಲಿ ವೆಂಕಟಯ್ಯ ಮಾವ, ಅತ್ತೆ ಕೂತರು. ಅವ್ವ ತನ್ನ ಮದುವೆಯ ಸೀರೆ ಉಟ್ಟುಕೊಂಡು ಬಂದು ಛತ್ರದ ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದಳು. ಹೆಣ್ಣಿನ ಕಡೆಯ ಯಾರೋ ‘ನೀವು ಹುಡುಗನಿಗೆ ಏನಾಗ್ಬೇಕು?’ ಅಂದರು. ಅವಳು ನಿನ್ನ ಕಡೆಗೊಮ್ಮೆ ನೋಡಿ ‘ಊರೋಳು’ ಅಂದಳು. ಅಕ್ಷತೆಯನ್ನು ಅಲ್ಲಿಂದಲೇ ಎಸೆದಳು, ನಿನ್ನವರೆಗೆ ಮುಟ್ಟಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು, ‘ಪಾಯಸ ಚೆಂದಾಗಿತ್ತು’ ಅಂತ.

ಅದನ್ನೂ ನುಂಗಿದಳು. ನುಂಗಲಾರದೆ ಹೋದದ್ದು ಡಾಕ್ಟರೇಟ್ ಬಂದ ವರ್ಷದ್ದು. ಟೀವಿಯವರನ್ನು ಕರೆದುಕೊಂಡು ಊರಿಗೆ ಬಂದೆ, ಅವ್ವನ ಸಮಾಧಿ ತೋರಿಸಲು. ಇರುವವಳಿಗೆ ಸಮಾಧಿ ಎಲ್ಲಿಂದ ತರುತ್ತೀಯ? ಅಜ್ಜಿ ದೊಡ್ಡಲಕ್ಷ್ಮಮ್ಮನ ಗುಡ್ಡೆಗೆ ಹೂವು ಏರಿಸಿ, ಕ್ಯಾಮೆರಾ ಕಡೆ ಅರ್ಧ ಮುಖ ಮಾಡಿ ಅತ್ತೆ. ಬಿಸಿಲಿನಲ್ಲಿ ಬಂದವರಿಗೆ ಅಂತ ಅವ್ವ ಮಜ್ಜಿಗೆ ಮಾಡಿ ತಂದಳು. ಆ ಹುಡುಗಿ ಮೈಕು ಹಿಡಿದು ‘ಇವರು ಯಾರು ಸರ್?’ ಅಂತ ಕೇಳಿದಳು. ನೀನು ಅವ್ವನ ಹೆಗಲ ಮೇಲೆ ಕೈ ಹಾಕಿ, ‘ಇವರು ನಮ್ಮ ದೊಡ್ಡಮ್ಮ. ಅವ್ವ ಹೋದ ಮೇಲೆ ನನಗೆ ಇವರೇ ಅವ್ವ’ ಅಂದೆ. ನಾನು ಬಾಗಿಲಲ್ಲಿ ನಿಂತಿದ್ದೆ. ನಿನ್ನ ಮುಖ ನೋಡಲಿಲ್ಲ, ಅವಳ ಮುಖ ನೋಡಿದೆ. ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದಳು. ಆವತ್ತಿನಿಂದ ಅವಳು ನಿನ್ನ ಹಾಡು ಬಂದರೆ ರೇಡಿಯೋ ಆರಿಸುತ್ತಾಳೆ. ಆ ಕಾರ್ಯಕ್ರಮ ನೋಡಿ ಯಾರೋ ನಿನಗೆ ‘ಆದರ್ಶ ಪುತ್ರ’ ಅನ್ನುವ ಪ್ರಶಸ್ತಿ ಬೇರೆ ಕೊಟ್ಟರು. ಆ ಫಲಕ ಬಂದ ದಿನ ಅವ್ವನಿಗೆ ತೋರಿಸಲಿಲ್ಲ, ನಾನೇ ಅಟ್ಟಕ್ಕೆ ಎಸೆದೆ.

ನೀನು ಬರುವುದಿಲ್ಲ ಅಂತ ಹೇಳುತ್ತಿಲ್ಲ. ಬರುತ್ತೀಯ. ಗಾಜು ಏರಿಸಿದ ಕಾರಿನಲ್ಲಿ ಬಂದು, ಸೇಬಿನ ಹಣ್ಣು, ಮಾತ್ರೆ, ಸ್ವೆಟರ್ ಕೊಟ್ಟು ಹೋಗುತ್ತೀಯ. ಒಳಗೆ ಬಂದ ಮೇಲೆ ಅವ್ವ ಅವ್ವ ಅಂತ ಅವಳ ತೊಡೆಯ ಮೇಲೆ ತಲೆ ಇಡುತ್ತೀಯ. ಬಾಗಿಲಾಚೆಗೆ ಕಾಲಿಟ್ಟ ತಕ್ಷಣ ಅವಳು ಸತ್ತಿರುತ್ತಾಳೆ. ಎಂಥ ಮಗನಪ್ಪಾ ನೀನು! ಇಲ್ಲದ ತಾಯಿಗಾಗಿ ಅತ್ತು ಹೆಸರು ಮಾಡಿದವನಿಗೆ ಇರುವ ತಾಯಿಯನ್ನು ಒಂದು ಸಲ ಬೀದಿಯಲ್ಲಿ ಕೈಹಿಡಿದು ನಡೆಸಲು ಆಗಲಿಲ್ಲವಲ್ಲ. ನಿನ್ನ ಗಂಟಲು ಚೆನ್ನಾಗಿದೆ, ಅದನ್ನು ನಾನು ಯಾವತ್ತೂ ಇಲ್ಲ ಅಂದಿಲ್ಲ. ಅವಳನ್ನು ಸಾಯಿಸದೆಯೂ ಅಷ್ಟು ಎತ್ತರಕ್ಕೆ ಹೋಗುತ್ತಿದ್ದೆ. ಅದು ನಿನಗೆ ಗೊತ್ತಿಲ್ಲದೆ ಹೋಯಿತಲ್ಲ ಅನ್ನುವುದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಶುಕ್ರವಾರ ಆ ಮೂವರು ಹೋದ ಮೇಲೆ, ಸುಲಿದ ಅವರೆಕಾಳನ್ನು ಮೊರದಲ್ಲಿ ಹರಡುತ್ತಾ ಅವ್ವ ನನ್ನನ್ನೊಂದು ಮಾತು ಕೇಳಿದಳು. ‘ನಾಗಿ, ನಾನು ನಿಜವಾಗ್ಲೂ ಹೋದಾಗ ಮರಿಯ ಹೆಂಗೆ ಬತ್ತಾನೆ? ಮಣ್ಣಿಗೆ ಬಂದ್ರೆ ಯಾರು ಸತ್ರು ಅಂತ ಹೇಳ್ತಾನೆ?’ ಅವಳೇ ಮುಂದುವರಿಸಿದಳು. ‘ದೊಡ್ಡಮ್ಮ ಸತ್ಲು ಅಂತ ಬಂದು ಹಿಂದೆ ನಿಂತ್ಕೊಂಡ್ರೆ ನನ್ ತಲೆ ದೆಸೆ ಯಾರವ್ವ ನಿಂತ್ಕೊಳ್ಳೋದು?’ ಮರಿಯಪ್ಪ, ಅವಳಿಗೆ ಸಾವಿನ ಭಯವಿಲ್ಲ. ಇಷ್ಟು ವರ್ಷದಿಂದ ಸತ್ತು ಅಭ್ಯಾಸವಾಗಿದೆ. ಮಗ ಇದ್ದೂ ದಿಕ್ಕಿಲ್ಲದವಳ ಹಾಗೆ ಮಣ್ಣಿಗೆ ಹೋಗುತ್ತೇನೇನೋ ಅನ್ನುವುದು ಅವಳ ಭಯ. ಹೆತ್ತವಳ ಬಾಯಲ್ಲಿ ಈ ಮಾತು ಬರುವ ಹಾಗೆ ಮಾಡಿದೆಯಲ್ಲ, ನಿನಗೆ ಯಾವ ಸಾಮ್ರಾಟನ ಪಟ್ಟ ಕಟ್ಟಿದರೆ ಏನು ಬಂತು?

ಆ ಮಾತು ಆಡಿದ ಮೇಲೆ ಅವಳು ಬೇರೆಯೇ ಆಗಿದ್ದಾಳೆ. ನಿನ್ನೆ ಪೆಟ್ಟಿಗೆ ತೆಗೆಸಿ ನಿನ್ನ ಮದುವೆಗೆ ಉಟ್ಟಿದ್ದ ಅದೇ ಸೀರೆಯನ್ನು ಹೊರಗೆ ತೆಗೆದಳು, ನುಸಿಗುಳಿಗೆ ವಾಸನೆ ಹೋಗಲಿ ಅಂತ ಹಿತ್ತಲಲ್ಲಿ ಹರವಿಸಿದಳು. ಬೆಳಿಗ್ಗೆ ‘ಭಾನುವಾರ ರಾಮನಗರಕ್ಕೆ ಎಷ್ಟೊತ್ತಿಗೆ ಬಸ್ಸೈತೆ?’ ಅಂದಳು. ಯಾಕವ್ವ ಅಂದರೆ, ‘ನನ್ ಫೋಟೋ ದೊಡ್ದು ಮಾಡಿಸ್ತಾರಂತಲ್ಲ, ಹೆಂಗೆ ಕಾಣ್ತೀನಿ ನೋಡ್ಬೇಕು’ ಅಂದಳು. ಅವಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಅಡುಗೆಮನೆಯ ಡಬ್ಬಿ ತೆಗೆದು ಒಂದು ಉಂಡೆ ಬೆಲ್ಲ ಆರಿಸಿ, ಕಾಗದದಲ್ಲಿ ಸುತ್ತಿ, ಸೀರೆಯ ಮೇಲೆ ಇಟ್ಟಳು. ನನಗೆ ಆಗ ಅರ್ಥವಾಯಿತು.

ಅದಕ್ಕೇ ಈ ಕಾಗದ. ನಾನು ಅವಳನ್ನು ತಡೆಯುವುದಿಲ್ಲ. ನಿಮ್ಮ ಭಾವನಿಗೂ ಹೇಳಿದ್ದೇನೆ, ಅವರು ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಸಿಕೊಡುತ್ತಾರೆ. ನಾವು ಹೋಗಿ ಎಲ್ಲರಂತೆ ಜನರ ನಡುವೆ ಕೂರುತ್ತೇವೆ. ನಾನು ಕೂಗುವುದಿಲ್ಲ, ಮೈಕು ಕಸಿದುಕೊಳ್ಳುವುದಿಲ್ಲ, ಪೇಪರಿನವರ ಹತ್ತಿರ ಹೋಗುವುದಿಲ್ಲ. ಅವರು ಪರದೆ ಸರಿಸಿ ಅವ್ವನ ಫೋಟೋಗೆ ಗೂಡಿನ ಹಾರ ಹಾಕುವಾಗ ಅದೇ ಮುಖ ಕೆಳಗೆ ಕುರ್ಚಿಯ ಮೇಲೆ ಕೂತಿರುತ್ತದೆ, ಅಷ್ಟೇ. ಅವಳಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ನೀನು ಇಳಿದು ಬರಬೇಕು. ಬಂದು ಅಷ್ಟು ಜನರ ಎದುರಿಗೆ ಅವಳನ್ನು ಅವ್ವ ಅನ್ನಬೇಕು. ದೊಡ್ಡಮ್ಮ ಅಂದೀಯೆ ಜೋಕೆ, ಆಗ ನಾನು ಸುಮ್ಮನಿರುತ್ತೇನೆ ಅನ್ನುವ ಭರವಸೆ ಕೊಡಲಾರೆ.

ಜನ ಉಗಿಯುತ್ತಾರೆ ಅಂತ ಹೆದರಿಕೆಯೇ? ಉಗಿಯಲಿ. ನಾಲ್ಕು ದಿನ ಉಗಿದು ಐದನೇ ದಿನ ಅವರೇ ಮರೆಯುತ್ತಾರೆ. ಕೊಟ್ಟದ್ದನ್ನೆಲ್ಲ ವಾಪಸ್ಸು ಕೊಡು ಅಂದರೆ ಕೊಟ್ಟುಬಿಡು. ನೀನು ಹುಡುಕಿಕೊಂಡು ಅಲೆಯಬೇಕಾಗಿಲ್ಲ, ಅವ್ವ ಊರು ಬಿಟ್ಟು ನನ್ನ ಮನೆಗೆ ಬಂದಾಗ ಜೊತೆಗೆ ಬಂದ ಫಲಕಗಳೆಲ್ಲ ಇಲ್ಲಿ ನನ್ನ ಅಟ್ಟದಲ್ಲೇ ಇವೆ, ಗಾಡಿ ಕಳಿಸಲು ಹೇಳು. ಶಾಲುಗಳನ್ನು ಮಾತ್ರ ಕೊಡಲು ಆಗುವುದಿಲ್ಲ, ಅವುಗಳ ತುಂಬ ರೇಷ್ಮೆ ಹುಳುವಿನ ಗುರುತಿದೆ. ಆ ಮರದ ಗೊಂಬೆಯನ್ನೂ ಕೊಡುವುದಿಲ್ಲ, ಅದು ಅವ್ವನದು.

ನೀನು ಭಾನುವಾರ ಜ್ವರ ಅಂತ ಮಲಗಿಬಿಡಬಹುದು. ಕಾರ್ಯಕ್ರಮ ಮುಂದಕ್ಕೆ ಹಾಕಿಸಬಹುದು. ಹಾಗೆ ಮಾಡಿದರೆ ಆ ಬೆಲ್ಲವನ್ನು ಡಬ್ಬಿಗೆ ವಾಪಸ್ಸು ಹಾಕುತ್ತೇನೆ. ಅವಳು ನಿಜವಾಗಿ ಹೋದ ದಿನ ನಿನಗೆ ಹೇಳಿಯೂ ಕಳಿಸುತ್ತೇನೆ. ಆದರೆ ಈ ಸಲವೂ ಕಾಗೆ ಮುಟ್ಟಿರಬಹುದು ಅಂದುಕೊಂಡು ನೀನು ಹಾಡುತ್ತಲೇ ಇರುತ್ತೀಯೇನೋ ಅಂತ ನನಗೆ ಭಯವಾಗುತ್ತದೆ.

ಕಾಗದದ ಕೊನೆಗೆ ಅವ್ವನ ಆಶೀರ್ವಾದಗಳು ಅಂತ ಬರೆಯುವುದು ಪದ್ಧತಿ. ಬರೆಯುವುದಿಲ್ಲ. ಬದುಕಿರುವವಳ ಆಶೀರ್ವಾದವನ್ನು ಅವಳ ಕೈಯಿಂದಲೇ ತಗೋ. ಅವತ್ತು ಬಾಗಿಲು ಹಾಕಿಕೊಂಡು ತಿಂದ ಬೆಲ್ಲ ಲೆಕ್ಕಕ್ಕಿಲ್ಲ. ಭಾನುವಾರ ಅದು ಅವಳ ಸೆರಗಿನ ಗಂಟಿನಲ್ಲಿರುತ್ತದೆ. ಅವಳ ಮುಂದೆ ಕೂತು, ಒಂದು ಸಲ ಬಾಯಿ ತೆರೆ.

ಇನ್ನೂ ನಿನ್ನ ಮೇಲೆ ಸಿಟ್ಟಿರುವ, ನಿನ್ನ ದಾರಿ ಕಾಯುವ
ಅಕ್ಕ
ನಾಗಲಕ್ಷ್ಮಮ್ಮ